ಟರ್ಬೊ ಕಾರಿಗೆ ಇನ್ನಷ್ಟು ಬಲ ತುಂಬುವ ಮುನ್ನ

ಬಣ್ಣಾರಿಯಿಂದ ನಮ್ಮ ತಾಳವಾಡಿ ಕಡೆಗೆ ಹತ್ತುವ ದಿಂಬಂ ಘಾಟಿಯ 27 ತಿರುವುಗಳು ನಿಮ್ಮಲ್ಲಿ ಅನೇಕರಿಗೆ ಗೊತ್ತು. ನನ್ನ ಅಕ್ಕನ ಮಗ ಸಾಲ ಮಾಡಿ ಕೊಂಡ ಹಳೆಯ ಟರ್ಬೊ ಕಾರಿನಲ್ಲಿ ಒಂದು ಮಧ್ಯಾಹ್ನ ಅಲ್ಲಿ ಬರುತ್ತಿದ್ದ. ಅರ್ಧ ದಾರಿಯಲ್ಲಿ ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮಾತ್ರ ಹತ್ತದು. ಕ್ಲಚ್ ಜಾರುತ್ತಿತ್ತು. ಹದಿನೈದು ದಿನಗಳ ಹಿಂದಷ್ಟೇ ಯಾರೋ ಲ್ಯಾಪ್‌ಟಾಪ್ ಜೋಡಿಸಿ ಎಂಜಿನ್ನಿನ ಬಲ ಹೆಚ್ಚಿಸಿಕೊಟ್ಟಿದ್ದರಂತೆ. ರಿಪೇರಿಗೆ ಆರು ತಿಂಗಳ ಕಂತಿನಷ್ಟು ಹಣ ಹೋಯಿತು.

ಟರ್ಬೊ ಎಂದರೆ, ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ. ಆ ದಂಡ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅದಕ್ಕೆ ಆಧಾರ ತೆಳುವಾದ ಎಣ್ಣೆಯ ಪದರ, ಅಷ್ಟೇ. ಪಕ್ಕದಲ್ಲೇ ಕೆಂಡದಂಥ ಹೊಗೆ.

ಮಾಲೀಕನ ಮರೆವು ಇಂಥ ಕಾರನ್ನು ಹೇಗೆ ಕೆಡಿಸುತ್ತದೆ ಎನ್ನುವುದು ಹಳೆಯ ಕಥೆ. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಎಂಬ ಟರ್ಬೊ ಕಾರು ಬಂತು, 215 ಅಶ್ವಶಕ್ತಿ. ಪೆಟ್ರೋಲು ಹೊತ್ತಿಗೆ ಮೊದಲೇ ಉರಿದು ಪಿಸ್ಟನ್ನಿಗೆ ಹೊಡೆಯದಿರಲೆಂದು ಶುದ್ಧ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಬೇರೆ ತೊಟ್ಟಿಯಲ್ಲಿ ತುಂಬಬೇಕಿತ್ತು. ಅನೇಕರು ತುಂಬಲಿಲ್ಲ. ತೊಟ್ಟಿ ಬರಿದಾದರೆ ಟರ್ಬೊದ ಒತ್ತಡ ತಾನೇ ತಗ್ಗುತ್ತಿತ್ತು, ಕಾರಿಗೆ ಬಲವಿಲ್ಲವೆಂದು ದೂರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿ ಸಾಮಾನ್ಯ ಕಾರ್ಬುರೇಟರ್ ಕೂರಿಸಿದರು. ಎರಡೇ ವರ್ಷಕ್ಕೆ ಆ ಕಾರು ನಿಂತಿತು.

ಈಗ ಆ ಕಾವಲನ್ನು ಕಂಪ್ಯೂಟರ್ ಕಾಯುತ್ತದೆ. ಕಳಪೆ ಪೆಟ್ರೋಲು, ಏಪ್ರಿಲ್ ಬಿಸಿಲು, ಐದು ಜನ ಕೂತು ಏರುವ ಘಾಟಿ, ಇವಕ್ಕೆಲ್ಲ ಎಂದು ಕಾರ್ಖಾನೆಯವರು ಒಂದಿಷ್ಟು ಬಲವನ್ನು ಉಳಿಸಿಟ್ಟಿರುತ್ತಾರೆ. ಹುಡುಗನ ಕಾರಿನ ಹೆಸರು ಬೇಡ, ಲೆಕ್ಕಕ್ಕೆ ಬೇರೆಯದು ನೋಡೋಣ. 2013ರಲ್ಲಿ ಇಲ್ಲಿಗೆ ಬಂದ ಪೋಲೊ ಜಿಟಿ ಟಿಎಸ್‌ಐ ಎಂಜಿನ್ನಿನ ತಿರುಚು ಬಲ 175 ನ್ಯೂಟನ್ ಮೀಟರ್. ಅದರ ಏಳು ಗೇರಿನ ಒಣ ಕ್ಲಚ್ಚಿನ ಪೆಟ್ಟಿಗೆ ತಾಳುವ ಮಿತಿ 250. ನೀವು ಎಂಜಿನ್ನನ್ನು 240ಕ್ಕೆ ಏರಿಸಿದಿರಿ ಎನ್ನಿ, ನಡುವೆ ಉಳಿದದ್ದು ಹತ್ತು! ಹತ್ತು ಚೀಲದ ಗಾಡಿಗೆ ಹದಿನಾಲ್ಕು ಹೇರಿದರೂ ಎತ್ತು ಒಂದೆರಡು ದಿನ ಎಳೆದೀತು. ಅದನ್ನು ನೋಡಿ ನಾವು ಮೋಸಹೋಗುತ್ತೇವೆ.

ಆಸೆ ಬಿಡಿ ಎನ್ನಲಾರೆ, ನನಗೂ ಇತ್ತು. ಆದರೆ ಮೊದಲ ಹಣ ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಗೆ ಹೋಗಲಿ, ಅದನ್ನೂ ಅವಧಿಗೆ ಮುಂಚೆಯೇ ಬದಲಿಸಿ. ಆಮೇಲೆ ಪ್ಲಗ್ಗು, ಹೋಸ್ ಪೈಪು, ಬ್ರೇಕು, ಟೈರು. ಬಲದ ಮಾತು ಕೊನೆಗೆ. ಕೆಲಸ ಮಾಡುವವನನ್ನು ಎರಡು ಪ್ರಶ್ನೆ ಕೇಳಿ: ರಸ್ತೆಯಲ್ಲಿ ಓಡಿಸಿ ಅಳತೆ ದಾಖಲಿಸುತ್ತೀಯಾ? ಹಳೆಯ ಪ್ರೋಗ್ರಾಮನ್ನು ನನಗೆ ಕೊಡುತ್ತೀಯಾ? ತಡವರಿಸಿದರೆ ಬೀಗದ ಕೈ ವಾಪಸು ತೆಗೆದುಕೊಳ್ಳಿ. ಮಾಡಿಸಿದರೆ ವಿಮೆಯವರಿಗೆ ಬರೆದು ತಿಳಿಸಿ.

ಗಡಿಯವರಿಗೆ ಇನ್ನೊಂದು ಮಾತು. ಕರ್ನಾಟಕದ ನಂಬರಿನ ಗಾಡಿಯನ್ನು ಈಚೆ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನೋಂದಣಿಗೆ ಅರ್ಜಿ ಹಾಕಬೇಕು. ಆಗ ಗಾಡಿಯೂ ಆರ್‌ಸಿ ಪುಸ್ತಕವೂ ತಾಳೆಯಾಗಬೇಕಲ್ಲ.

ಘಾಟಿ ಹತ್ತಿ ಬಂದ ಮೇಲೆ ತಕ್ಷಣ ಎಂಜಿನ್ ಆರಿಸಬೇಡಿ, ಒಂದೆರಡು ನಿಮಿಷ ಹಾಗೆಯೇ ಓಡಲಿ. ಇಲ್ಲದಿದ್ದರೆ ಕಾದ ದಂಡದಲ್ಲಿ ನಿಂತ ಎಣ್ಣೆ ಸುಟ್ಟು ಕರಿಕಟ್ಟುತ್ತದೆ. ನೀಲಿ ಹೊಗೆ ಕಂಡರೆ, ಟರ್ಬೊದ ಶಿಳ್ಳೆಯ ಸದ್ದು ಬದಲಾದರೆ, ಮರುದಿನ ಬೆಳಿಗ್ಗೆಯೇ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ.