ಕೋಟಿ ಕಾರು, ಕಾಲು ರೇಟು: ಹಳೇ ಎಸ್-ಕ್ಲಾಸ್ ಕೊಳ್ಳೋ ಮುಂಚೆ ಹಿಂದಿನ ಸೀಟಲ್ಲಿ ಕೂತು ನೋಡಿ

ಈ ವಾರ ಕಾರಿನ ವಿಷಯ. ಅದೂ ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಎಸ್-ಕ್ಲಾಸ್. ನಗಬೇಡಿ. "ಬ್ರೋ, ಹೊಸ ಎಸ್‌ಯುವಿ ದುಡ್ಡಲ್ಲಿ ಬೆಂಜ್ ಸಿಗ್ತಿದೆ, ತಗೊಳ್ಳಲಾ?" ಅಂತ ಕೇಳೋ ಮೆಸೇಜ್‌ಗಳು ಒಂದೆರಡಲ್ಲ. ಒಬ್ಬರಂತೂ ಅಪ್ಪನ ರಿಟೈರ್‌ಮೆಂಟ್ ದುಡ್ಡಲ್ಲಿ ಅರ್ಧ ಹಾಕೋಕೆ ರೆಡಿ ಇದ್ದಾರೆ. ಅದಕ್ಕೇ ಇವತ್ತು ಸ್ವಲ್ಪ ಸೀರಿಯಸ್ಸಾಗಿ ಮಾತಾಡೋಣ.

ಯಾವ ಕಾರು ಅಂತ ಮೊದಲು ಹೇಳಿಬಿಡ್ತೀನಿ. 2014ರಲ್ಲಿ ಭಾರತಕ್ಕೆ ಬಂದ ಡಬ್ಲ್ಯು222 ತಲೆಮಾರಿನ ಎಸ್350 ಡೀಸೆಲ್. ಪುಣೆ ಹತ್ತಿರ ಚಾಕಣ್‌ನಲ್ಲಿ ಜೋಡಿಸಿದ್ದು. ಹೊಸದಿದ್ದಾಗ ಎಕ್ಸ್ ಶೋರೂಮ್ ಬೆಲೆಯೇ ಒಂದು ಕೋಟಿ ದಾಟಿತ್ತು. ಬಿಕಾಂ ಓದಿದವರಿಗೆ ರಿಟನ್ ಡೌನ್ ವ್ಯಾಲ್ಯೂ ಲೆಕ್ಕ ನೆನಪಿರಬೇಕು. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ. ಹಾಗೆ ಹತ್ತು ವರ್ಷ ಕಳೀತಾ ಹೋದ್ರೆ ಒಂದು ಕೋಟಿ ಹತ್ತಿರ ಹತ್ತಿರ 20 ಲಕ್ಷಕ್ಕೆ ಇಳಿಯುತ್ತೆ. ಮಾರ್ಕೆಟ್ ರೇಟೂ ಅದರ ಆಸುಪಾಸಿಗೇ ಬರುತ್ತೆ. ಸರಿ. ಆದ್ರೆ ಕೆಟ್ಟುಹೋದ ಪಾರ್ಟಿಗೆ ಸರ್ವಿಸ್ ಸೆಂಟರ್‌ನವರು 20 ಲಕ್ಷದ ಕಾರಿನ ಬಿಲ್ ಹಾಕಲ್ಲ, ಕೋಟಿ ಕಾರಿನ ಬಿಲ್ಲೇ ಹಾಕ್ತಾರೆ. ಕಾರಿನ ರೇಟು ಮಾತ್ರ ಇಳಿದಿರೋದು, ಸಾಕೋ ಖರ್ಚು ಇಳಿದಿಲ್ಲ.

ಇನ್ನೊಂದು ವಿಷಯ ಇದೆ. ಈ ಕಾರನ್ನ ನೀವು ಕೊಳ್ಳೋದೇ ಆರಾಮಕ್ಕೆ. ಆ ಆರಾಮ ಕೊಡೋ ಭಾಗಗಳೇ ಮೊದಲು ವಯಸ್ಸಾಗೋದು. ಇಂಜಿನ್ ಎರಡು ಲಕ್ಷ ಕಿಲೋಮೀಟರ್ ಆದ್ರೂ ಗಟ್ಟಿಯಾಗಿರಬಹುದು. ಗಾಳಿ ತುಂಬೋ ಸಸ್ಪೆನ್ಷನ್ ಅಷ್ಟು ಕಾಲ ಬಾಳುತ್ತೆ ಅಂತ ನಂಬಬೇಡಿ.

ಇದಕ್ಕೆ ಏರ್‌ಮ್ಯಾಟಿಕ್ ಅಂತಾರೆ. ಸ್ಪ್ರಿಂಗ್ ಜಾಗದಲ್ಲಿ ರಬ್ಬರಿನ ಗಾಳಿಚೀಲ, ಅದಕ್ಕೆ ಗಾಳಿ ತುಂಬೋಕೆ ಒಂದು ಕಂಪ್ರೆಸರ್. ರಬ್ಬರ್ ವರ್ಷ ಕಳೆದಂಗೆ ಬಿರುಕು ಬಿಟ್ಟು ಮೆಲ್ಲಗೆ ಲೀಕ್ ಆಗುತ್ತೆ. ಲೀಕ್ ಆದ ಗಾಳಿ ತುಂಬೋಕೆ ಕಂಪ್ರೆಸರ್ ಪದೇ ಪದೇ ಓಡುತ್ತೆ, ಓಡಿ ಓಡಿ ಅದೂ ಸುಟ್ಟುಹೋಗುತ್ತೆ. ಒಂದು ಸಣ್ಣ ಲೀಕು, ಎರಡು ದೊಡ್ಡ ಬಿಲ್ಲು. ಹಾಗಾಗಿ ಕಾರು ನೋಡೋಕೆ ಬೆಳಗ್ಗೆನೇ ಹೋಗಿ. ರಾತ್ರಿಯಿಡೀ ಸಮತಟ್ಟು ನೆಲದ ಮೇಲೆ ನಿಂತಿರಬೇಕು, ಸ್ಟಾರ್ಟ್ ಮಾಡಿರಬಾರದು. ಟೈರಿಗೂ ಫೆಂಡರಿಗೂ ಮಧ್ಯೆ ಕೈಬೆರಳಿಟ್ಟು ನಾಲ್ಕೂ ಮೂಲೆ ಅಳೆಯಿರಿ. ಒಂದು ಮೂಲೆ ಕುಸಿದಿದ್ರೆ ಉತ್ತರ ಸಿಕ್ಕಂಗೇ. ನನ್ನ ದೊಡ್ಡಮ್ಮನ ಮಗನ ಜೊತೆ ಹೀಗೇ ಒಂದು ಕಾರು ನೋಡೋಕೆ ಹೋಗಿದ್ವಿ. ಮುಂದಿನ ಎಡಗಡೆ ಎರಡು ಬೆರಳು ಕೆಳಗಿತ್ತು. ಮಾರೋರು, "ಅದು ನೆಲ ಇಳಿಜಾರಿದೆ ಸಾರ್" ಅಂದ್ರು. ನಮ್ಮಣ್ಣ ಒಂದು ಮಾತೂ ಆಡದೆ ಬಾಟಲಿಯಿಂದ ಸ್ವಲ್ಪ ನೀರು ಚೆಲ್ಲಿದ. ನೀರು ಎಲ್ಲೂ ಹರೀಲಿಲ್ಲ!

ಸ್ಟಾರ್ಟ್ ಮಾಡಿದ ಮೇಲೆ ಎತ್ತರ ಹೆಚ್ಚಿಸೋ ಬಟನ್ ಒತ್ತಿ. ಕಾರು ಸಮವಾಗಿ ಮೇಲೇಳಬೇಕು. ಎದ್ದ ಮೇಲೂ ಕಂಪ್ರೆಸರ್ ಗುಂಯ್ ಅಂತ ಸದ್ದು ಮಾಡ್ತಾನೇ ಇದ್ರೆ ಅನುಮಾನ ಪಡಿ. ಈ ಬಟನ್ ಕೆಲಸ ಮಾಡದಿದ್ರೆ ನಮ್ಮೂರ ಹಂಪ್‌ಗಳ ಮೇಲೆ ಇಷ್ಟುದ್ದದ ಕಾರು ಹೊಟ್ಟೆ ಉಜ್ಜಿಕೊಂಡೇ ಹೋಗೋದು.

ಆಮೇಲೆ ಡ್ರೈವರ್ ಸೀಟಿಗೆ ಓಡಬೇಡಿ. ಹಿಂದೆ, ಎಡಗಡೆ ಕೂತ್ಕೊಳಿ. ಈ ಕಾರು ಕಟ್ಟಿರೋದೇ ಆ ಸೀಟಿಗೋಸ್ಕರ. ಉದ್ದ 5.2 ಮೀಟರ್ ದಾಟುತ್ತೆ, ಅದರ ಲಾಭ ಪೂರ್ತಿ ನಿಮ್ಮ ಕಾಲಿಗೆ. ಸೀಟ್ ಹಿಂದಕ್ಕೆ ಬಾಗುತ್ತಾ? ಬಾಗುವಾಗ ಕಟಕಟ ಅನ್ನುತ್ತಾ? ಕಿಟಕಿ ಪರದೆ, ಹಿಂದಿನ ಎಸಿ, ಬಾಗಿಲು ತಾನೇ ಎಳ್ಕೊಂಡು ಮುಚ್ಚೋ ಸೌಲಭ್ಯ, ಮಸಾಜ್, ಕಾರಲ್ಲಿ ಏನೇನಿದೆಯೋ ಒಂದೂ ಬಿಡದೆ ಒತ್ತಿ ನೋಡಿ. ಮಾರೋರು ಮುಖ ಸಿಂಡರಿಸ್ತಾರೆ, ಸಿಂಡರಿಸಲಿ ಬಿಡಿ. ಅಲ್ಲಿರೋ ಒಂದೊಂದು ಮೋಟರೂ ನಿಮ್ಮ ದುಡ್ಡೇ.

ಟೆಸ್ಟ್ ಡ್ರೈವ್‌ಗೆ ಏರ್‌ಪೋರ್ಟ್ ರೋಡಿಗೆ ಕರ್ಕೊಂಡು ಹೋಗ್ತೀನಿ ಅಂತಾರೆ. ಆ ರೋಡಲ್ಲಿ ಯಾವ ಕಾರಾದ್ರೂ ತೇಲುತ್ತೆ. ಸರ್ವಿಸ್ ರೋಡಿಗೆ ಇಳಿಸಿ. ಸ್ಟೀರಿಯೋ ಆಫ್, ಎಸಿ ಕಡಿಮೆ, ಗುಂಡಿ ಬಿದ್ದ ಜಾಗದಲ್ಲಿ 30-40ರ ಸ್ಪೀಡು. ಕೆಳಗಿಂದ ಟಕ್ ಟಕ್ ಅಂತ ಬಂದ್ರೆ ಬುಷ್ ಹೋಗಿದೆ. ಆಮೇಲೆ ಖಾಲಿ ರೋಡಲ್ಲಿ 80ಕ್ಕೆ ಹೋಗಿ ಗಟ್ಟಿಯಾಗಿ ಬ್ರೇಕ್ ಹಾಕಿಸಿ. ಸ್ಟೀರಿಂಗ್ ನಡುಗಿದ್ರೆ ಡಿಸ್ಕ್ ನೋಡಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂತಿದ್ರೆ 2019ರ 23ನೇ ವಾರದ್ದು. ಗೆರೆ ಎಷ್ಟೇ ಆಳ ಇರಲಿ, ಹಳೇ ಟೈರು ಗಟ್ಟಿಯಾಗಿ ಸದ್ದು ಮಾಡುತ್ತೆ. ನಾಲ್ಕೂ ಬದಲಾಯಿಸೋ ಖರ್ಚನ್ನ ಬೆಲೆಯಲ್ಲಿ ಕಳೀರಿ.

ಪರ್ಫಾರ್ಮೆನ್ಸ್ ಬಗ್ಗೆ ಜಾಸ್ತಿ ಹೇಳಲ್ಲ. 3 ಲೀಟರಿನ ವಿ6 ಡೀಸೆಲ್, 258 ಎಚ್‌ಪಿ, 620 ಎನ್‌ಎಂ ಟಾರ್ಕ್. ಸುಮಾರು ಎರಡು ಟನ್ ಕಾರಿಗೆ ಧಾರಾಳವಾಗಿ ಸಾಕು. ಬೆಂಗಳೂರು–ಮೈಸೂರು ಹೈವೇಲಿ ಮಿತಿ 100, ಮೇಲೆ ಕ್ಯಾಮೆರಾ. ಟಾಪ್ ಸ್ಪೀಡ್ ಯಾರಿಗೆ ಬೇಕು? ನೋಡಬೇಕಾದ್ದು 40ರಿಂದ 80ಕ್ಕೆ ಒತ್ತಿದಾಗ ಗೇರ್ ಜರ್ಕ್ ಇಲ್ಲದೆ ಇಳಿಯುತ್ತಾ, ಹಿಂದೆ ಕಪ್ಪು ಹೊಗೆ ಬರುತ್ತಾ ಅನ್ನೋದು. ಇಂಜಿನ್ ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿಸಿದ ಮೇಲೆ ಒಮ್ಮೆ. ಈ ಇಂಜಿನ್ ಕುಟುಂಬಕ್ಕೆ, ಅದರಲ್ಲೂ ಹಳೇ ವರ್ಷದವಕ್ಕೆ, ಆಯಿಲ್ ಕೂಲರ್ ಸೀಲ್ ಸೋರೋ ಹೆಸರಿದೆ. ಸೀಲ್ ಅಗ್ಗ, ಆದ್ರೆ ಅದು ಇರೋದು ಇಂಜಿನ್ನಿನ ಹೊಟ್ಟೆಯಲ್ಲಿ. ಅಲ್ಲಿಗೆ ಕೈ ಹೋಗೋಕೆ ಅರ್ಧ ಇಂಜಿನ್ ಬಿಚ್ಚಬೇಕು, ಕೂಲಿ ಜಾಸ್ತಿ.

ಬೆಂಗಳೂರಲ್ಲಿ ಕೊಳ್ಳೋರು ಇನ್ನೊಂದು ನೆನಪಿಡಿ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು ಕಡೆಯ ವಿಲ್ಲಾಗಳಲ್ಲಿ ದುಬಾರಿ ಕಾರುಗಳು ಮುಳುಗಿದ ಫೋಟೋ ಎಲ್ಲರೂ ನೋಡಿದ್ದೀವಿ. ನೀರು ಕುಡಿದ ಕಾರು ತೊಳೆದು ಮತ್ತೆ ಮಾರುಕಟ್ಟೆಗೆ ಬರಬಹುದು. ಸೀಟ್ ಬೆಲ್ಟನ್ನ ಕೊನೇವರೆಗೂ ಎಳೀರಿ, ಮಣ್ಣಿನ ಗೆರೆ ಇದ್ಯಾ ನೋಡಿ. ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಸಿ. ಇನ್ಶೂರೆನ್ಸ್ ಕ್ಲೇಮ್ ಹಿಸ್ಟರಿ ಕೇಳಿ. ಕಂಪನಿ ಸರ್ವಿಸ್ ಸೆಂಟರ್‌ನಲ್ಲೇ ದುಡ್ಡು ಕೊಟ್ಟು ಪೂರ್ತಿ ಸ್ಕ್ಯಾನ್ ಮಾಡಿಸಿ, ಹಳೇ ಸರ್ವಿಸ್ ದಾಖಲೆಯಲ್ಲಿರೋ ಕಿಲೋಮೀಟರ್ ಜೊತೆ ಮೀಟರ್ ತಾಳೆ ಹಾಕಿ. ಬೇಡ ಅಂತ ಮಾರೋರು ಹೇಳಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ಕೊನೇದು, ಡೆಲ್ಲಿ ಕಾರು. ಅಲ್ಲಿ ಯಾಕೆ ಅಗ್ಗ? 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್, ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸೋ ಹಂಗಿಲ್ಲ ಅಂದವು. ಆಮೇಲೆ ನಿಯಮ ಅತ್ತಿತ್ತ ಆಗಿದೆ, ಆದ್ರೆ ಆ ಭಯಕ್ಕೇ ತುಂಬ ಜನ ಮಾರಿದ್ರು. ಆ ಕಾರು ಇಲ್ಲಿಗೆ ತಂದ್ರೆ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ದಾಟಿದ ಹೊಸ ಕಾರಿಗೆ ಅದು 18 ಪರ್ಸೆಂಟ್. ಹಳೇದಕ್ಕೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ, ಆದ್ರೆ ಲೆಕ್ಕ ಶುರುವಾಗೋದು ಹೊಸ ಕಾರಿನ ಬೆಲೆಯಿಂದ, ನೀವು ಕೊಟ್ಟ ರೇಟಿಂದ ಅಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಆರ್‌ಟಿಓಗೆ ಹೋಗಿ ಆ ಮೊತ್ತ ಎಷ್ಟು ಅಂತ ಕೇಳಿ ಬನ್ನಿ. ಎನ್‌ಓಸಿ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಮುಂದಿನ ವಾರ ಇಂಥ ಹಳೇ ಕಾರಿಗೆ ಇನ್ಶೂರೆನ್ಸ್‌ನಲ್ಲಿ ಐಡಿವಿ ಹೇಗೆ ಲೆಕ್ಕ ಹಾಕ್ತಾರೆ ಅಂತ ನೋಡೋಣ. ಸಿಗ್ತೀನಿ.