ಮಳೆಗಾಲ ಕಳೆದ ಮೇಲೆ ಕೋವಿಯ ಆರೈಕೆ



ಕೊಡಗಿನಲ್ಲಿ ಕೈಲ್‌ಪೊಳ್ದ್ ಬರುವುದು ಸೆಪ್ಟೆಂಬರ್ ಆರಂಭದಲ್ಲಿ, ನಾಟಿ ಮುಗಿದ ಮೇಲೆ. ಅಂದು ಕೋವಿಗಳನ್ನು ಒರೆಸಿ, ತೋಕ್‌ಪೂ ಇಟ್ಟು ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಉಂಟು; 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಿದೆ. ಆದರೆ ತುಕ್ಕು ಯಾರಿಗೂ ವಿನಾಯಿತಿ ಕೊಡುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಸುಮ್ಮನೆ ನಿಂತ ಕೋವಿ, ದಿನವೂ ಬಳಸಿದ ಕೋವಿಗಿಂತ ಬೇಗ ಹಾಳಾಗಬಹುದು. ಚರ್ಮದ ಚೀಲದಲ್ಲಿಟ್ಟರಂತೂ ಚೀಲವೇ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕೋವಿಯನ್ನು ಕೈಗೆತ್ತಿಕೊಂಡೊಡನೆ ಅದು ಬರಿದಾಗಿದೆಯೇ ಎಂದು ನೋಡಬೇಕು. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಬೋಲ್ಟ್ ಹಿಂದಕ್ಕೆಳೆಯಿರಿ. ಮ್ಯಾಗಜೀನ್ ತೆಗೆದ ಮೇಲೂ ಒಂದು ತೋಟಾ ನಳಿಗೆಯ ಗೂಡಿನಲ್ಲಿ ಉಳಿದಿರಬಹುದು. ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. "ಖಾಲಿ ಇದೆ" ಎಂದು ಮನೆಯವರು ಹೇಳಿದರೂ ನಂಬಬೇಡಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ, ಮಕ್ಕಳು ದೂರವಿರಲಿ.

ಇನ್ನು ನಳಿಗೆ. ಹಳೆಯ .303 ಸೈನಿಕ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದಾಗ ಉಪ್ಪಿನಂಥ ಪದಾರ್ಥ ನಳಿಗೆಯಲ್ಲಿ ಉಳಿದು, ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಆದ್ದರಿಂದಲೇ ಕುದಿಯುವ ನೀರು ಹಾಯಿಸುವ ಪದ್ಧತಿ ಬಂತು. ಕರಿಮದ್ದಿನ ಕೋವಿಗೂ ನೀರೇ ಮದ್ದು. ಬಳಿಕ ಒಣಬಟ್ಟೆ, ಕೊನೆಗೆ ತೆಳುವಾಗಿ ಕೋವಿ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಮಡಿಕೇರಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಸಾಧ್ಯವಾದರೆ ಸಲಾಕೆಯನ್ನು ಹಿಂಬದಿಯಿಂದ ತೂರಿಸಿ. ನಳಿಗೆಯ ಬಾಯಂಚು ಸವೆದರೆ ಗುರಿ ಚದರುತ್ತದೆ. ಗುಂಡು ಹಾರಿಸುವ ಮುನ್ನ ಒಳಗಿನ ಎಣ್ಣೆಯನ್ನು ಒರೆಸಲು ಮರೆಯಬಾರದು.

ರೈಫಲ್ ಇರುವವರು ಕೇಳುವ ಪ್ರಶ್ನೆಯೊಂದಿದೆ: ತುಕ್ಕು ತೆಗೆಯಲು ಸೈಟನ್ನೂ, ಅಂದರೆ ಗುರಿಕಣ್ಣನ್ನೂ, ಬಿಚ್ಚಬೇಕೆ? ಅಗತ್ಯವಿಲ್ಲದಿದ್ದರೆ ಬಿಚ್ಚಬೇಡಿ. ಅನೇಕ ರೈಫಲ್‌ಗಳಲ್ಲಿ ಮುಂದಿನ ಸೈಟು, ಬುಡದಲ್ಲಿ ಅಗಲವಾಗಿ ಮೇಲಕ್ಕೆ ಕಿರಿದಾದ ಗಾಡಿಯಲ್ಲಿ ಬಿಗಿಯಾಗಿ ಕೂತಿರುತ್ತದೆ. ಅದು ಕೂತ ಜಾಗವೇ ಆ ಕೋವಿಯ ಗುರಿ. ಎರಡು ಸೈಟುಗಳ ನಡುವೆ 70 ಸೆಂಟಿಮೀಟರ್ ಅಂತರವಿದ್ದರೆ, ಮುಂದಿನದು 1 ಮಿಲಿಮೀಟರ್ ಸರಿದರೂ 100 ಮೀಟರ್ ದೂರದಲ್ಲಿ ಗುಂಡು ಸುಮಾರು 14 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ತೆಗೆಯಲೇಬೇಕಾದರೆ ಸೈಟಿಗೂ ಅದರ ಪೀಠಕ್ಕೂ ಕೂಡುವಂತೆ ಸಣ್ಣ ಗೆರೆ ಗುರುತು ಹಾಕಿ. ಬಿಗಿಯುವ ತಿರುಪು ಇದ್ದರೆ ಅದನ್ನು ಮೊದಲು ಸಡಿಲಿಸಬೇಕು. ಹೊಡೆಯಲು ಹಿತ್ತಾಳೆಯ ತುಂಡು ಬಳಸಿ, ಉಕ್ಕಿನದು ಗಾಯ ಮಾಡುತ್ತದೆ. ಧೈರ್ಯ ಸಾಲದಿದ್ದರೆ ಪರವಾನಗಿ ಇರುವ ಕೋವಿ ಕಮ್ಮಾರರಲ್ಲಿಗೆ ಒಯ್ಯಿರಿ. ಅವರ ಕೂಲಿ ಹೊಸ ಸೈಟಿನ ಬೆಲೆಗಿಂತ ಕಡಿಮೆಯೇ ಆದೀತು!

ಮತ್ತೆ ಕೂರಿಸಿದ ಮೇಲೆ ಅನುಮತಿಯಿರುವ ಗುರಿಮೈದಾನದಲ್ಲಿ, ಮರಳುಚೀಲದ ಆಸರೆಯಲ್ಲಿ ಮೂರರಿಂದ ಐದು ಗುಂಡು ಹಾರಿಸಿ, ಅವು ಬಿದ್ದ ಗುಂಪಿನ ನಡುವನ್ನು ನೋಡಿ. ಗುಂಪು ಬಲಕ್ಕೆ ಬಿದ್ದರೆ ಮುಂದಿನ ಸೈಟನ್ನೂ ಬಲಕ್ಕೇ ಸರಿಸಬೇಕು. ಹಿಂದಿನ ಸೈಟಾದರೆ ಎಡಕ್ಕೆ.