ಕಾನಪುರದ ಕಸದಿಂದ ಎದ್ದ ವಿಮಾನ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕೆಲಸಕ್ಕೆಂದು ದಿಲ್ಲಿಗೆ ಹೋಗಿದ್ದ ನಾವು ನಾಲ್ವರು ಅರ್ಧ ದಿನ ಬಿಡುವು ಸಿಕ್ಕಾಗ ಪಾಲಮ್ಮಿನ ವಾಯುಪಡೆ ಮ್ಯೂಸಿಯಂ ನೋಡಿ ಬಂದೆವು. ಅಲ್ಲಿ ನಾಲ್ಕು ಎಂಜಿನ್ನಿನ ಒಂದು ಹಳೆಯ ಪಂಖದ ವಿಮಾನ ನಿಂತಿದೆ. ಹೆಸರು ಲಿಬರೇಟರ್. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಹೊರುವುದಕ್ಕೆಂದು ಅಮೆರಿಕದಲ್ಲಿ ಇಂಥವನ್ನು 18 ಸಾವಿರಕ್ಕೂ ಹೆಚ್ಚು ಕಟ್ಟಿದ್ದರು. ಇದರ ಕಥೆ ಬೆಂಗಳೂರಿನ ಕೆಲಸಗಾರರ ಕಥೆಯೂ ಹೌದು, ಅದಕ್ಕೇ ಇವತ್ತು ಹೇಳಹೊರಟಿದ್ದೇವೆ.

1945ರಲ್ಲಿ ಯುದ್ಧ ಮುಗಿಯಿತು. ಬ್ರಿಟಿಷರ ಕೈಯಲ್ಲಿದ್ದ ಲಿಬರೇಟರುಗಳು ಅಮೆರಿಕದಿಂದ ಕಡವಾಗಿ ಬಂದವು. ಇನ್ನು ಯಾರೂ ಬಳಸಕೂಡದೆಂದು ಕಾನಪುರದ ಚಕೇರಿಯಲ್ಲಿ ಸಾಲಾಗಿ ನಿಲ್ಲಿಸಿ ಕೆಡಿಸಿದರು. ಎಂಜಿನ್ನಿನ ಎಣ್ಣೆ ಬಸಿದು, ಮರಳು ಸುರಿದು, ಕೆಟ್ಟು ನಿಲ್ಲುವ ತನಕ ಓಡಿಸಿದರು. ಮೈತಗಡನ್ನು ತಿವಿದು ಹರಿದರು. ಅಂಗಡಿ ಮುಚ್ಚುವಾಗ ಪಾತ್ರೆಗಳಿಗೆಲ್ಲ ತೂತು ಕೊರೆದು ಹೋಗುವ ಯಜಮಾನರನ್ನು ಹೋಟೆಲಿನವರಾದ ನಾವು ಕೂಡ ಕಂಡಿಲ್ಲ!

1948ರಲ್ಲಿ ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳು ಬೇಕಾದವು. ಬೆಂಗಳೂರಿನ ವಿಮಾನ ಕಾರ್ಖಾನೆ, ಆಗಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಆ ಕಸವನ್ನೇ ಎತ್ತಿ ನಿಲ್ಲಿಸುವ ಕೆಲಸ ಹೊತ್ತಿತು. ಯುದ್ಧಕಾಲದಲ್ಲಿ ಅಮೆರಿಕದ ಸೇನೆ ಅದೇ ಕಾರ್ಖಾನೆಯಲ್ಲಿ ತನ್ನ ವಿಮಾನಗಳನ್ನು ರಿಪೇರಿ ಮಾಡಿಸುತ್ತಿತ್ತು. ಹಾಗಾಗಿ ಅಲ್ಲಿಯವರ ಕೈಗೆ ಆ ಕೆಲಸ ಹೊಸದಲ್ಲ. ಕಾನಪುರದಲ್ಲಿ ಒಂದರ ಭಾಗ ಇನ್ನೊಂದಕ್ಕೆ ಕೂಡಿಸಿ, ಹಾರುವಷ್ಟು ಮಾತ್ರ ಸರಿಮಾಡಿದರು. ಅಂಥವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದವರು ಕಾರ್ಖಾನೆಯ ಪೈಲಟ್ ಜಮ್‌ಷೆಡ್ ಮುನ್ಷಿ. ಎಂಥ ಎದೆ ಇರಬೇಕು! ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು. ಹೀಗೆ ಎದ್ದು ನಿಂತವು ಸುಮಾರು 40.

ಅದೇ ವರ್ಷ ನವೆಂಬರಿನಲ್ಲಿ ವಾಯುಪಡೆಯ 5ನೆಯ ದಳ ಇವನ್ನು ತೆಗೆದುಕೊಂಡಿತು. ಮುಂದೆ 6ನೆಯ ದಳ ಇವುಗಳಲ್ಲೇ ಸಮುದ್ರದ ಕಾವಲು ಕಾಯಿತು. ಗುಜರಿಗೆಂದು ಬಿಟ್ಟದ್ದು 1968ರ ತನಕ, 20 ವರ್ಷ, ಹಾರಿತು!

ಆ ಹೊತ್ತಿಗೆ ಅಮೆರಿಕದವರು ತಮ್ಮವನ್ನು ಬಹುಪಾಲು ಕರಗಿಸಿ ಅಲ್ಯುಮಿನಿಯಮ್ ಮಾಡಿಬಿಟ್ಟಿದ್ದರು. ಮ್ಯೂಸಿಯಮ್ಮಿಗೆ ಬೇಕೆಂದಾಗ ಭಾರತದ ಕಡೆ ನೋಡಬೇಕಾಯಿತು. ಕೆನಡಾಕ್ಕೆ ಒಂದು, ಅಮೆರಿಕದ ಅರಿಜೋನಾಕ್ಕೆ ಒಂದು, 1974ರಲ್ಲಿ ಬ್ರಿಟಿಷ್ ವಾಯುಪಡೆಯ ಮ್ಯೂಸಿಯಮ್ಮಿಗೆ ಒಂದು ಹೋಯಿತು. ಕೆಡಿಸಿ ಹೋದವರ ಮನೆಗೇ ಮರಳಿತು. ಇನ್ನೊಂದನ್ನು ಅಮೆರಿಕದವರು ಕೊಂಡು, ಸರಿಮಾಡಿ, 1989ರಲ್ಲಿ ಮತ್ತೆ ಹಾರಿಸಿದರು.

ಮುನ್ಷಿಯವರ ಹೆಸರು ಬರಹಗಳಲ್ಲಿ ಸಿಗುತ್ತದೆ, ಸಿಗಬೇಕಾದ್ದೇ. ತಗಡಿಗೆ ತೇಪೆ ಹಾಕಿದ, ಮರಳು ತೊಳೆದ, ರಿವೆಟ್ ಬಡಿದ ಕೈಗಳ ಹೆಸರು? ಪಾಲಮ್ಮಿನಲ್ಲಿ ನಿಂತು ನಾವು ನಾಲ್ವರೂ ಕೇಳಿಕೊಂಡದ್ದು ಇದನ್ನೇ. ನಿಮ್ಮಲ್ಲಿ ಯಾರ ಅಜ್ಜನಾದರೂ, ದೊಡ್ಡಪ್ಪನಾದರೂ ಆಗ ಆ ಕಾರ್ಖಾನೆಯಲ್ಲಿದ್ದರೆ, ಹೆಸರು, ಊರು, ಮಾಡಿದ ಕೆಲಸ ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ಕೊಡಿ. ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.